ಹೋಬರ್ಟನ ಪೆಟ್ಟಿಗೆಯ ಕರ್ಪೂರ

ಚಾಕು ಕೂಡಿಡುವ ಗಂಡಸರಷ್ಟು ವಿಚಿತ್ರ ಪ್ರಾಣಿಗಳನ್ನು ನಾನು ಕಂಡಿಲ್ಲ. ಚಾಕು ಇರುವುದು ಕೊಯ್ಯುವುದಕ್ಕೆ ಎಂದು ಲೋಕವೆಲ್ಲ ತಿಳಿದಿದ್ದರೆ, ಇವರು ಮಾತ್ರ ಒಂದು ಹಗ್ಗವನ್ನೂ ಕೊಯ್ಯದ, ಒಂದು ಸಲವೂ ಮಸೆಯದ ಚಾಕುವನ್ನೇ ಹುಡುಕಿಕೊಂಡು ಮೂರು ಕೌಂಟಿ ದಾಟಿ ಹೋಗುತ್ತಾರೆ. ಸಿಕ್ಕಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಸೇಬು ಹೆಚ್ಚುವುದಕ್ಕೆ ಹೆಂಡತಿಯ ಅಡುಗೆಮನೆ ಚಾಕು ಕೇಳುತ್ತಾರೆ. ನಮ್ಮ ಊರು ಲಾರೆಲ್ ಫೋರ್ಕಿನಲ್ಲಿ ಇಂಥವರು ಇಪ್ಪತ್ತು ಮೂವತ್ತು ಮಂದಿ ಇದ್ದಾರೆ. ತಿಂಗಳಿಗೊಮ್ಮೆ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ ಸಭೆ ಸೇರುತ್ತಾರೆ. ನಾನು ಹೋಗುವುದು ಕಾಫಿಗೆ ಮತ್ತು ಜಗಳ ನೋಡುವುದಕ್ಕೆ. ಎರಡೂ ಅಲ್ಲಿ ಬಿಸಿಯಾಗಿಯೇ ಸಿಗುತ್ತವೆ.

ಸೆಪ್ಟೆಂಬರಿನ ಸಭೆಯಲ್ಲಿ ಅಧ್ಯಕ್ಷ ಡೆಲ್ಮರ್ ಪ್ರಾಫಿಟ್ ಮೇಜಿನ ಮೇಲೆ ದಪ್ಪನೆಯ ಒಂದು ಚೀಟಿ ಸುರುಳಿ ಇಟ್ಟುಕೊಂಡು ಎದ್ದು ನಿಂತ. ಡೆಲ್ಮರನಿಗೆ ಹೊಟ್ಟೆ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಹಳೇ ಚಾಕುಗಳಿಗೆ ಹೊಸ ಹಿಡಿ ಹಾಕುವುದರಲ್ಲಿ ಮಾತ್ರ ಅವನ ಕೈ ಬಹಳ ನಾಜೂಕು.

"ವಿಮೆಯವರು ಹೊಸ ಕಿರಿಕಿರಿ ಶುರು ಮಾಡಿದ್ದಾರೆ ಕಣ್ರಪ್ಪ. ಬರೋ ತಿಂಗಳ ಪ್ರದರ್ಶನದಲ್ಲಿ ಮೇಜಿನ ಮೇಲಿಡೋ ಒಂದೊಂದು ಚಾಕುಗೂ ಎಚ್ಚರಿಕೆ ಚೀಟಿ ಇರಬೇಕಂತೆ. ಇಲ್ಲಾಂದ್ರೆ ಶೆಡ್ಡು ಕೊಡಲ್ವಂತೆ." ಕನ್ನಡಕ ಏರಿಸಿ ಓದಿದ: "ಎಚ್ಚರಿಕೆ. ಹರಿತವಾದ ವಸ್ತು. ಗಾಯವಾಗಬಹುದು."

"ಅಯ್ಯೋ, ಇಷ್ಟು ದಿನ ಚಮಚ ಅಂದ್ಕೊಂಡಿದ್ನಲ್ಲಪ್ಪ," ಎಂದಿತು ಹಿಂದಿನ ಸಾಲಿನ ಒಂದು ದನಿ.

ಎಲ್ಲರೂ ನಕ್ಕರು. ಆಮೇಲೆ ಡೆಲ್ಮರ್ ಒಂದು ಚೀಟಿ ಕಿತ್ತು, ಅದರ ಹಿಂದಿನ ಅಂಟನ್ನು ತೋರಿಸಿದ. ನಗು ನಿಂತುಹೋಯಿತು. ಅರವತ್ತು ವರ್ಷ ಬೆರಳಿನ ಗುರುತೂ ಬೀಳದ ಅಲಗಿನ ಮೇಲೆ ಅಂಟು! ಅದನ್ನು ಕೀಳಬೇಕಾದರೆ ಸೀಮೆಎಣ್ಣೆ ಹಚ್ಚಬೇಕು. ಸೀಮೆಎಣ್ಣೆಯ ವಾಸನೆ ಮೂಳೆಯ ಹಿಡಿಗೆ ಹತ್ತಿತೆಂದರೆ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಈ ಜನ ಚಾಕು ಕೊಳ್ಳುವ ಮುಂಚೆ ಕಣ್ಣಿನಿಂದ ನೋಡುವಷ್ಟೇ ಮೂಗಿನಿಂದಲೂ ನೋಡುತ್ತಾರೆ. ಸಿಗರೇಟು, ನೆಲಮಾಳಿಗೆಯ ಮುಗ್ಗು, ಇಲಿ, ಏನು ಮೂಗಿಗೆ ಬಡಿದರೂ ಮುಖ ಹುಳ್ಳಗೆ ಮಾಡಿ ಕೆಳಗಿಡುತ್ತಾರೆ. ಇಂಥವರಿಗೆ ಅಂಟು ತೋರಿಸಿದರೆ ಸುಮ್ಮನಿರುತ್ತಾರೆಯೇ? ಶೆಡ್ಡಿನ ತಗಡು ಹಾರಿಹೋಗುವಷ್ಟು ಗಲಾಟೆಯಾಯಿತು.

ಆಗ ಹಿಂದಿನಿಂದ ನಮ್ಮ ಹೋಬರ್ಟ್ ಎದ್ದು ನಿಂತ. ಹೋಬರ್ಟ್ ಟ್ಯಾಕೆಟ್ ನನ್ನ ಅಕ್ಕ ನೆಡ್ರಾಳ ಗಂಡ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಅವನು ಸಭೆಗೆ ಬರುವುದೇನೋ ಬರುತ್ತಿದ್ದ, ಆದರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನನ್ನವಕ್ಕೆ ಆಗ್ಲೇ ಚೀಟಿ ಇವೆ," ಎಂದ. "ಅಂಟಿಲ್ಲ. ದಾರದಲ್ಲಿ ಕಟ್ಟಿರೋದು. ನೆಡ್ರಾ ಕಟ್ಟಿದ್ದು."

ಇಡೀ ಶೆಡ್ಡು ಮತ್ತೆ ನಕ್ಕಿತು, ಈ ಸಲ ಪ್ರೀತಿಯಿಂದ. ಆ ಚೀಟಿಗಳು ಯಾರಿಗೆ ಗೊತ್ತಿಲ್ಲ. ನಮ್ಮ ಭಾವ ಚಾಕು ಹಿಡಿದನೆಂದರೆ ಬೆರಳು ಕೊಯ್ದುಕೊಂಡನೆಂದೇ ಅರ್ಥ. ಬ್ಯಾಂಡೇಜು ಸುತ್ತಿ ಸುತ್ತಿ ಬೇಸತ್ತ ಅಕ್ಕ ಓಟ್ಸ್ ಡಬ್ಬದ ರಟ್ಟು ಕತ್ತರಿಸಿ ಅವನ ಒಂದೊಂದು ಚಾಕುವಿಗೂ ಎಚ್ಚರಿಕೆ ಬರೆದು ಕಟ್ಟಿದ್ದಳು. ಚರ್ಮ ಸುಲಿಯುವ ಬೇಟೆ ಚಾಕುವಿಗೆ, 'ಜಿಂಕೆಗೆ ಮಾತ್ರ. ಹೆಬ್ಬೆರಳಿಗಲ್ಲ.' ಪುಟ್ಟ ಮಡಚುಚಾಕುವಿಗೆ, 'ಕಿವಿಗೆ ಹಾಕಿದರೆ ಊಟ ಇಲ್ಲ.' ಮೊಳದುದ್ದದ ಒಂದಕ್ಕೆ, 'ಇದರಿಂದ ದೂರ ಇರು. ನನ್ನಿಂದಲೂ, ಇದನ್ನು ಯಾಕೆ ತಂದೆ ಅಂತ ಹೇಳುವವರೆಗೆ.'

ಡೆಲ್ಮರ್ ಮೇಜು ಗುದ್ದಿದ. "ಸಿಕ್ತಲ್ಲ ದಾರಿ. ಅಂಟಿನ ಬದಲು ಎಲ್ಲರೂ ದಾರದಲ್ಲಿ ಕಟ್ಟೋಣ. ನೆಡ್ರಕ್ಕನ ಚೀಟಿನೇ ವಿಮೆಯವರಿಗೆ ತೋರಿಸ್ತೀನಿ, ಒಪ್ಪಲಿ ಬಿಡಲಿ ನೋಡೇಬಿಡೋಣ. ಏನಂತೀಯೋ ಹೋಬರ್ಟ್?"

"ನಂಗೊಂದು ಮೇಜು ಕೊಡು," ಎಂದ ಹೋಬರ್ಟ್. "ಅವಳ ಹೆಸರಲ್ಲಿ ಇಡ್ತೀನಿ. ಎಲ್ಲಾ ಚಾಕು, ಎಲ್ಲಾ ಚೀಟಿ."

ನಾಲ್ಕು ವರ್ಷದಲ್ಲಿ ಆ ಚಾಕುಗಳಿದ್ದ ಪೆಟ್ಟಿಗೆಯನ್ನು ಅವನು ಯಾರಿಗೂ ತೋರಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನೂ ಡೆಲ್ಮರನೂ ಅವನ ಮನೆಗೆ ಹೋದೆವು. ಅಡುಗೆಮನೆಯ ಮೇಜಿನ ಮೇಲೆ ವಾಲ್ನಟ್ ಮರದ ಪೆಟ್ಟಿಗೆ ಸಿದ್ಧವಾಗಿ ಕೂತಿತ್ತು. ಅವನೇ ಮಾಡಿದ ಪೆಟ್ಟಿಗೆ. ಇರುವೆ ಕೂಡ ನುಗ್ಗದಷ್ಟು ಬಿಗಿಯಾದ ಮುಚ್ಚಳ ಎಂದು ಜಂಬ.

"ಇಬ್ರೂ ಹತ್ರ ಬನ್ನಿ," ಎಂದ. "ಬರೀ ಕಣ್ಣು ತಂದ್ರೆ ಸಾಲ್ದು, ಮೂಗೂ ತನ್ನಿ."

ಮುಚ್ಚಳ ಎತ್ತಿದ. ಘಮ್ಮೆಂದು ಕರ್ಪೂರದ ವಾಸನೆ ಮುಖಕ್ಕೆ ಬಡಿಯಿತು. ಅದರ ಬೆನ್ನಿಗೇ ಏನೋ ಹುಳಿ ಹುಳಿ, ಮೂಗಿನೊಳಗೆ ಚುಚ್ಚುವಂಥದ್ದು.

"ಬಂತಾ?" ಎಂದ ಹೋಬರ್ಟ್. ಮುಖ ಅರಳಿತ್ತು. "ನಮ್ಮ ನೆಡ್ರಾ. ರಾತ್ರಿ ಮಂಡಿಗೆ ಮುಲಾಮು ತಿಕ್ಕೋತಿದ್ಲಲ್ಲ, ಅದೇ. ಅವಳು ತೀರ್ಕೊಂಡ ವರ್ಷಾನೇ, ಚಳಿಗಾಲದಲ್ಲಿ ಒಂದಿನ ಪೆಟ್ಟಿಗೆ ತೆಗೀತೀನಿ, ಒಳಗೆ ಅವಳು. ಅವತ್ತಿಂದ ದಿನಾ ಸಂಜೆ ತೆಗೀತೀನಿ, ಒಂದು ಉಸಿರು ಎಳ್ಕೋತೀನಿ, ಮುಚ್ತೀನಿ. ತುಂಬಾ ಹೊತ್ತು ತೆಗೆದಿಡಲ್ಲ. ಹೊರಟುಹೋದ್ರೆ?"

ನಾನು ಒಳಗೆ ಬಗ್ಗಿ ನೋಡಿದೆ. ಹಸಿರು ಬಟ್ಟೆಯ ಮೇಲೆ ಚಾಕುಗಳು ಸಾಲಾಗಿ ಮಲಗಿದ್ದವು. ನಡುವೆ ನೆಡ್ರಾಳ ಸ್ವಂತ ಮಡಚುಚಾಕು, ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನ ಜೇನುಬಣ್ಣದ ಹಿಡಿಯದು. ಅದರ ಚೀಟಿ ನನಗೆ ಬಾಯಿಪಾಠ: 'ಹೋಬರ್ಟ್, ಇದು ನಿನ್ನದಲ್ಲ. ಕೈ ಹಚ್ಚಬೇಡ.' ಮಿಕ್ಕ ಮಡಚುಚಾಕುಗಳೆಲ್ಲ ಮಡಚಿದ್ದವು. ಅದೊಂದು ಮಾತ್ರ ಬಿಚ್ಚಿಕೊಂಡಿತ್ತು.

ಯಾಕೆ ಬಿಚ್ಚಿತ್ತೆಂದು ನಾನು ಕೇಳಲಿಲ್ಲ. ನಮ್ಮ ಕಡೆ ಚಾಕುವನ್ನು ಯಾರು ಬಿಚ್ಚಿದರೋ ಅವರೇ ಮಡಚಬೇಕು. ಬಿಚ್ಚಿ ಕೈಗೆ ಕೊಟ್ಟದ್ದನ್ನು ಬಿಚ್ಚಿಯೇ ವಾಪಸು ಕೊಡುತ್ತೇವೆ. ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ಮಡಚಿದರೆ ಕೇಡಂತೆ. ಯಾರಿಗೆ ಕೇಡು, ಎಂಥ ಕೇಡು ಎಂದು ಹೇಳಿದವರಿಲ್ಲ, ಆದರೂ ಮಡಚಿದವರನ್ನು ನಾನು ಕಂಡಿಲ್ಲ. ಅಕ್ಕ ತೀರಿಕೊಂಡ ದಿನ ವರಾಂಡದಲ್ಲಿ ನಾನೂ ಅವಳೂ ಒಣಗಿಸುವುದಕ್ಕೆಂದು ಸೇಬು ಸುಲಿಯುತ್ತ ಕೂತಿದ್ದೆವು. ಅವಳು ಆ ಚಾಕು ಬಿಚ್ಚಿ ಒಂದು ಸೇಬು ಕೈಗೆತ್ತಿಕೊಂಡಳು, "ಯಾಕೋ ಎದೆ ಹಿಡ್ಕೊಂಡಂಗಾಗುತ್ತೆ ಕಣೆ" ಎಂದಳು. ಅಷ್ಟೇ. ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬಂದ ಹೋಬರ್ಟ್ ಬುಟ್ಟಿಯಲ್ಲಿ ಬಿದ್ದಿದ್ದ ಚಾಕುವನ್ನು ಹಾಗೆಯೇ ತಂದು ಪೆಟ್ಟಿಗೆಯೊಳಗೆ ಇಟ್ಟಿದ್ದ.

ಡೆಲ್ಮರ್ ನನ್ನ ಕಾಲು ತುಳಿದ. "ವರ್ಲಕ್ಕ, ನನ್ನ ಗಾಡಿ ಹತ್ರ ಸ್ವಲ್ಪ ಬರ್ತೀರಾ? ಟೈರು ಗಾಳಿ ಹೋದಂಗಿದೆ."

ಟೈರು ಗುಂಡುಗುಂಡಾಗಿತ್ತು. ಗಾಳಿ ಹೋಗಿದ್ದು ಡೆಲ್ಮರನದು.

"ಅದು ನಿಮ್ಮಕ್ಕ ಅಲ್ಲ," ಎಂದ, ದನಿ ತಗ್ಗಿಸಿ. ಅವನು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸೆಲ್ಯುಲಾಯ್ಡು ಕೊಳೀತಾ ಇದೆ. ಅದನ್ನ ಮಾಡೋದೇ ಕರ್ಪೂರ ಹಾಕಿ. ಕೆಟ್ಟಾಗ ಮೊದ್ಲು ಕರ್ಪೂರ ಬಿಡುತ್ತೆ, ಆಮೇಲೆ ಆಸಿಡ್ಡು. ಅಕ್ಕಪಕ್ಕ ಇರೋದನ್ನೆಲ್ಲ ತಿಂದುಹಾಕುತ್ತೆ. ಗಾಳೀಲಿದ್ರೆ ಇನ್ನೂ ಎಷ್ಟೋ ಕಾಲ ಬಾಳೋದು. ಅಕ್ಕ ಏಪ್ರನ್ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು, ಚೆನ್ನಾಗೇ ಇತ್ತು. ಇವನು ಜೋಪಾನ ಮಾಡ್ತೀನಿ ಅಂತ ಉಸಿರು ಕಟ್ಟಿಸಿಬಿಟ್ಟ. ಪ್ರದರ್ಶನದ ಹೊತ್ತಿಗೆ ಪೆಟ್ಟಿಗೇಲಿ ಒಂದು ಚಾಕುನೂ ಉಳಿಯೋ ಹಂಗಿಲ್ಲ."

"ಹೋಗಿ ಹೇಳು ಮತ್ತೆ."

"ನಾನಾ? ನೀವು ಮನೆಯವರು."

"ನೀನು ಅಧ್ಯಕ್ಷ."

"ನಾಳೆಯಿಂದ ನೀವೇ ಅಧ್ಯಕ್ಷೆ, ಹೋಗಿ," ಎಂದು ಅವನು ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ. ಇಷ್ಟು ದೊಡ್ಡ ದೇಹದಲ್ಲಿ ಇಷ್ಟು ಚಿಕ್ಕ ಧೈರ್ಯ ಇಟ್ಟ ದೇವರನ್ನು ಬೈದುಕೊಂಡು ನಾನು ಒಳಗೆ ಹೋದೆ.

ಹೋಬರ್ಟ್ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತಿದ್ದ. ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಈ ವಾಸನೆ ಉಳಿದರೆ ಚಾಕುಗಳು ಹೋಗುತ್ತವೆ, ಚಾಕುಗಳು ಉಳಿದರೆ ವಾಸನೆ ಹೋಗುತ್ತದೆ. ಯಾವುದನ್ನು ಕಿತ್ತುಕೊಂಡರೂ ಬೈಗುಳ ನನಗೇ.

"ಭಾವ, ಆ ಹಳದಿ ಹಿಡಿ ಚಾಕು ಹೊರಗೆ ತೆಗೀಬೇಕು. ಅದು ಕೆಟ್ಟಿದೆ. ಆ ವಾಸನೆ ಅದರದ್ದೇ."

"ಅದರದ್ದೇ ಅಲ್ವಾ ಮತ್ತೆ? ಅವಳ ಚಾಕು, ಅವಳ ವಾಸನೆ."

"ಅವಳದ್ದಲ್ಲ. ಹಿಡಿ ಕೊಳೀತಿರೋ ವಾಸನೆ."

ಅವನು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. "ನನ್ನ ಹೆಂಡ್ತಿ ಕೊಳೀತಿದ್ದಾಳೆ ಅಂತ ಹೇಳೋಕೆ ಇಲ್ಲೀವರೆಗೂ ಬಂದ್ಯಾ?"

"ಹಿಡಿ ಅಂದೆ, ಹೆಂಡ್ತಿ ಅನ್ಲಿಲ್ಲ."

"ಡೆಲ್ಮರ್ ಹೇಳಿಕೊಟ್ನಾ? ಅವನ ಕಣ್ಣು ಮೊದ್ಲಿಂದ್ಲೂ ಈ ಪೆಟ್ಟಿಗೆ ಮೇಲೆ. ಏಳು, ಮನೆಗೆ ಹೋಗು. ಮೇಜೂ ಬೇಡ, ಪ್ರದರ್ಶನನೂ ಬೇಡ."

ನನಗೂ ಸಿಟ್ಟು ಬಂತು. ನನ್ನ ಸಿಟ್ಟು ಬರುವಾಗ ಬಾಗಿಲು ತಟ್ಟಿ ಬರುವುದಿಲ್ಲ. ಅವನ ಕೈ ಸರಿಸಿ ಮುಚ್ಚಳ ಎತ್ತಿದೆ. ಹಳದಿ ಚಾಕುವಿನ ಪಕ್ಕದಲ್ಲಿದ್ದ ಬೇಟೆ ಚಾಕುವನ್ನು ಎತ್ತಿ ಅವನ ಮುಂದೆ ಹಿಡಿದೆ. ಅಲಗಿನ ತುಂಬ ಕಂದು ಚುಕ್ಕೆ.

"ತೇವಕ್ಕೆ ಆಗಿರೋದು," ಎಂದ.

"ಮೂಲೆಯಲ್ಲಿರೋದಕ್ಕೆ ಯಾಕಿಲ್ಲ? ತೇವ ಏನು ಜಾತಿ ನೋಡ್ಕೊಂಡು ಹಿಡಿಯುತ್ತಾ?"

ಅವನು ಉತ್ತರ ಕೊಡುವ ಮುಂಚೆಯೇ ಆ ಚಾಕುವಿನ ಚೀಟಿ ತಿರುಗಿತು. ಅದನ್ನು ಓದಲೆಂದು ಎರಡು ಬೆರಳಲ್ಲಿ ಹಿಡಿದೆ. ಸುಟ್ಟ ಹಪ್ಪಳದ ಹಾಗೆ ಅದು ಪುಡಿಯಾಯಿತು. 'ಜಿಂಕೆಗೆ ಮಾತ್ರ' ದಾರದಲ್ಲಿ ಉಳಿಯಿತು. 'ಹೆಬ್ಬೆರಳಿಗಲ್ಲ' ಮೇಜಿನ ಮೇಲೆ ಚೂರುಚೂರಾಗಿ ಬಿತ್ತು.

ಹೋಬರ್ಟ್ ಬಗ್ಗಿ ಒಂದೊಂದೇ ಚೀಟಿಯನ್ನು ನೋಡುತ್ತ ಹೋದ. ಹಳದಿ ಚಾಕುವಿಗೆ ಹತ್ತಿರದ್ದೆಲ್ಲ ಕಾಫಿಯಲ್ಲಿ ಅದ್ದಿದ ಹಾಗೆ ಕಂದಾಗಿತ್ತು. ದೂರದವು ಬೆಳ್ಳಗಿದ್ದವು, ಅಕ್ಕನ ದುಂಡು ಅಕ್ಷರ ಅವುಗಳಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅವನಿಗೆ ನಾನು ಮತ್ತೇನೂ ಹೇಳಬೇಕಾಗಲಿಲ್ಲ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಶುರುವಾದ ಬಾಯಿ. "ಇಷ್ಟಕ್ಕೂ ಅವಳ ಮುಲಾಮು ಕರ್ಪೂರದ್ದಲ್ಲ ಭಾವ. ಪುದೀನ ವಾಸನೆಯ ಹಸಿರು ಡಬ್ಬಿ ಅದು. ಚಿಕ್ಕೋರಿದ್ದಾಗ ನೆಗಡಿಯಾದ್ರೆ ಅಮ್ಮ ಕೊರಳಿಗೆ ಕರ್ಪೂರದ ಚೀಲ ಕಟ್ಟೋಳು. ನೆಡ್ರಾ ಅದನ್ನ ಕಿತ್ತು ಹಳ್ಳಕ್ಕೆ ಎಸೀತಿದ್ಲು. ಅವಳಿಗೆ ಕರ್ಪೂರ ಕಂಡ್ರೆ ಆಗ್ತಿರ್ಲಿಲ್ಲ."

"ಮುಲಾಮು ಅಂದ್ರೆ ಮುಲಾಮು ಅಲ್ವಾ?"

"ಅಲ್ಲ."

ಹೋಬರ್ಟ್ ಪೆಟ್ಟಿಗೆಯ ಕಡೆ ತಿರುಗಿದ. "ಹಾಗಾದ್ರೆ ನಾಲ್ಕು ವರ್ಷ ನಾನು ಯಾರನ್ನ ಮೂಸ್ತಾ ಇದ್ದೆ?"

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನ್ನ ನಗು ನಿಂತಿತು. ಅವನ ಕಣ್ಣೀರು ನಿಲ್ಲಲಿಲ್ಲ.

"ಅವಳದ್ದು ಎಂಥ ವಾಸನೆ, ವರ್ಲೀ?" ಎಂದ. "ಇದು ಅಲ್ಲ ಅಂದ್ರೆ ಯಾವುದು ಅಂತ ನಂಗೆ ನೆನಪೇ ಬರ್ತಿಲ್ಲ."

ಒಟ್ಟಿಗೆ ಒಂದೇ ಹಾಸಿಗೆಯಲ್ಲಿ ಬೆಳೆದ ನನಗೂ ಹೇಳಲು ಬರಲಿಲ್ಲ. ಸೋಪು, ಹಿಟ್ಟು, ಪುದೀನದ ಮುಲಾಮು ಎಂದು ಒಂದೊಂದಾಗಿ ಹೇಳಿದೆ. ಅವನು ಒಂದೊಂದಕ್ಕೂ ಅಲ್ಲವೆಂದು ತಲೆಯಾಡಿಸಿದ, ಅಂಗಡಿಯಲ್ಲಿ ಟೋಪಿ ಹಾಕಿ ನೋಡಿ ಸರಿಹೋಗದೆ ತೆಗೆದಿಡುವವನ ಹಾಗೆ. ನನಗೆ ಬಹಳ ಸಂಕಟವಾಯಿತು. ಸುಳ್ಳು ಸಂತೋಷವಾದರೂ ಅವನ ಪಾಲಿಗಿತ್ತು. ಅದನ್ನೂ ಕಿತ್ತುಕೊಂಡು ಕೂತಿದ್ದೆ.

ಕೊನೆಗೆ ಅವನೇ ಎದ್ದು ಡೆಲ್ಮರನನ್ನು ಕೂಗಿದ. "ಟೈರು ಸರಿಹೋಗಿದ್ರೆ ಒಳಗೆ ಬಾರಯ್ಯ."

ಡೆಲ್ಮರ್ ಬಂದು, ಚಾಕುವನ್ನು ಬೆಳಕಿಗೆ ಹಿಡಿದು ನೋಡಿದ. ಹಿಡಿ ಒಣಗಿದ ಕೆರೆಯ ಮಣ್ಣಿನಂತೆ ಬಿರುಕುಬಿಟ್ಟಿತ್ತು. "ಹಿಡಿಯಂತೂ ಹೋಯ್ತು ಕಣೋ. ಅಲಗು ಕಲೆಯಾಗಿದೆ, ಆದ್ರೆ ಗಟ್ಟಿಯಿದೆ. ಹಳೇದು ಬಿಚ್ಚಿ ಮೂಳೆ ಹಿಡಿ ಹಾಕ್ಕೊಡ್ತೀನಿ. ಆದ್ರೆ," ಎಂದು ಗಂಟಲು ಸರಿಮಾಡಿಕೊಂಡ, "ಕೆಲ್ಸ ಶುರು ಮಾಡಬೇಕಾದ್ರೆ ಮಡಚಬೇಕು."

ನಂಬಿಕೆಯೋ ಮೂಢನಂಬಿಕೆಯೋ, ಮೂವರಿಗೂ ಕೈ ಮುಂದೆ ಬರಲಿಲ್ಲ.

"ಬಿಚ್ಚಿದವರೇ ಇಲ್ಲದಿದ್ರೆ ರಕ್ತಸಂಬಂಧಿ ಮಡಚಬಹುದೇನೋ," ಎಂದ ಡೆಲ್ಮರ್.

"ಹಾಗಂತ ಯಾರು ಹೇಳಿದ್ದು?"

"ಅಧ್ಯಕ್ಷರು."

"ಅಧ್ಯಕ್ಷೆ ಈಗ ನಾನು," ಎಂದೆ.

ಹೋಬರ್ಟ್ ಅಲಗನ್ನೇ ನೋಡುತ್ತಿದ್ದ. "ಅವಳು ಬಿಚ್ಚಿದ್ದು ಸೇಬು ಸುಲಿಯೋಕೆ," ಎಂದ. "ಆ ಕೆಲ್ಸ ಅರ್ಧಕ್ಕೇ ನಿಂತಿದೆ. ಮೊದ್ಲು ಅದು ಮುಗೀಲಿ. ಮಡಚೋ ಮಾತು ಆಮೇಲೆ."

ಚಾಕುವನ್ನು ಸೋಪು ಹಾಕಿ ತಿಕ್ಕಿ ತೊಳೆದ, ಅಲಗನ್ನು ಉಜ್ಜಿ ಒರೆಸಿದ. ಹಿಂದಿನ ಮರದಿಂದ ಒಂದು ಸೇಬು ಕಿತ್ತು ತಂದು, ವರಾಂಡದಲ್ಲಿ ಅಕ್ಕನ ಕುರ್ಚಿಯಲ್ಲಿ ಕೂತ. ಬಿರುಕುಬಿಟ್ಟ ಹಿಡಿಗೆ ಕರ್ಚೀಫು ಸುತ್ತಿ ಸುಲಿಯಲು ಶುರು ಮಾಡಿದ. ಅಕ್ಕ ಸುಲಿದರೆ ಸಿಪ್ಪೆ ಒಂದೇ ರಿಬ್ಬನ್ನಿನ ಹಾಗೆ ಇಳಿಯುತ್ತಿತ್ತು. ಇವನು ಸುಲಿದದ್ದು ಮರ ಕೆತ್ತಿದಂತಿತ್ತು. ಮೂರನೇ ಚೂರಿಗೆ ಹೆಬ್ಬೆರಳು ಕೊಯ್ದುಕೊಂಡ.

"ಹೆಬ್ಬೆರಳಿಗಲ್ಲ," ಎಂದೆವು ನಾನೂ ಡೆಲ್ಮರನೂ ಒಟ್ಟಿಗೆ.

ಅವನು ನಗುತ್ತ ಬೆರಳನ್ನು ಬಾಯಿಗಿಟ್ಟುಕೊಂಡ. ಇಟ್ಟುಕೊಂಡವನು ಹಾಗೆಯೇ ಕೂತುಬಿಟ್ಟ. ಆಮೇಲೆ ಎರಡೂ ಅಂಗೈ ಸೇರಿಸಿ ಮುಖದ ಮೇಲಿಟ್ಟುಕೊಂಡ, ಉಸಿರು ಎಳೆದುಕೊಂಡ. ಸೇಬಿನ ರಸ, ಉಕ್ಕು, ಸ್ವಲ್ಪ ರಕ್ತ.

"ಇದು," ಎಂದ.

ನಾನೂ ಬಗ್ಗಿ ಮೂಸಿದೆ. ಹೌದು. ಬೇಸಿಗೆ ಕೊನೆಯಿಂದ ಮೊದಲ ಹಿಮದವರೆಗೆ ಅಕ್ಕನ ಕೈ ಇದೇ ವಾಸನೆ. ಚಾಕುವಿನ ಉಕ್ಕಿಗೆ ಸೇಬಿನ ಹುಳಿ ತಗುಲಿದಾಗ ಬರುವ, ತೊಳೆದರೂ ಹೋಗದ ವಾಸನೆ. ಆ ಕೈಯಲ್ಲೇ ಅವಳು ನನ್ನ ಜಡೆ ಹಾಕುತ್ತಿದ್ದಳು, ಆ ಕೈಯಲ್ಲೇ ಇವನ ಬೆರಳಿಗೆ ಬ್ಯಾಂಡೇಜು ಸುತ್ತುತ್ತಿದ್ದಳು. ನಾನು ಅಳುವವಳಲ್ಲ. ಅವತ್ತು ಅತ್ತೆ.

ಅವನು ಸೇಬು ಮುಗಿಸಿದ. ಮೂರು ಪಾಲು ಮಾಡಿದ, ಮೂವರೂ ತಿಂದೆವು. ಅಲಗನ್ನು ಒರೆಸಿ, ಬಿಚ್ಚಿದ ಚಾಕುವನ್ನು ನನ್ನ ಕೈಗೆ ಕೊಟ್ಟ. "ನೀನೇ ಮಾಡು. ಅಕ್ಕನ ಪರವಾಗಿ."

ನಾನು ಮಡಚಿದೆ. ಟಕ್ ಎಂದಿತು. ಕೇಡೇನೂ ಆಗಲಿಲ್ಲ.

ಡೆಲ್ಮರ್ ಅಲ್ಲೇ ಮೊಳೆಗಳನ್ನು ಬಡಿದು ಹೊರತೆಗೆದು ಹಳೇ ಹಿಡಿಯ ಚೂರುಗಳನ್ನು ಬಿಡಿಸಿದ. ಸೆಲ್ಯುಲಾಯ್ಡನ್ನು ಮನೆಯಲ್ಲಿಡಬಾರದು, ಹೊತ್ತಿಕೊಂಡರೆ ಆರಿಸುವುದಕ್ಕಾಗುವುದಿಲ್ಲ ಎಂದ. ಅಂಗಳದ ಜಲ್ಲಿಯ ಮೇಲೆ ಹಳೆಯ ತಗಡಿನ ತಟ್ಟೆ ಇಟ್ಟು, ಚೂರುಗಳನ್ನು ಹಾಕಿ, ಉದ್ದನೆಯ ಕಡ್ಡಿಯ ತುದಿಗೆ ಬೆಂಕಿ ಹಚ್ಚಿ ಹೋಬರ್ಟನ ಕೈಗೆ ಕೊಟ್ಟ. ಭಗ್ಗೆಂದು ಒಂದೇ ಉರಿ ಎದ್ದಿತು, ಬೆಳ್ಳಗೆ, ನೆಟ್ಟಗೆ. ಹೊಗೆ ತಾಗದಂತೆ ಗಾಳಿ ಬರುವ ಕಡೆಗೆ ನಾವು ಮೂವರೂ ಹಿಂದೆ ಸರಿದು ನಿಂತೆವು. ಅದು ಆರಿದಾಗ ತಟ್ಟೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಅಕ್ಟೋಬರಿನ ಪ್ರದರ್ಶನಕ್ಕೆ ವಿಮೆಯವರು ದಾರದ ಚೀಟಿ ಒಪ್ಪಿದರು. ಅವರ ಕಡೆಯಿಂದ ಬಂದ ಹೆಂಗಸು ನೆಡ್ರಾಳ ಮೇಜಿನ ಮುಂದೆ ನಿಂತು, 'ಕಿವಿಗೆ ಹಾಕಿದರೆ ಊಟ ಇಲ್ಲ' ಓದಿ ನಕ್ಕವಳು ನಗುತ್ತಲೇ ಇದ್ದಳು. ತುಕ್ಕು ಹಿಡಿದಿದ್ದ ಚಾಕುಗಳನ್ನೂ ಹೋಬರ್ಟ್ ನಾಚಿಕೆಯಿಲ್ಲದೆ ಸಾಲಾಗಿ ಇಟ್ಟಿದ್ದ. ಪುಡಿಯಾದ ಚೀಟಿಗಳ ಬದಲು ತಾನೇ ರಟ್ಟು ಕತ್ತರಿಸಿ, ಅವಳು ಬರೆದಿದ್ದ ಮಾತನ್ನೇ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದ.

ಅಕ್ಕನ ಚಾಕು ಮಾತ್ರ ಸಾಲಿನಲ್ಲಿರಲಿಲ್ಲ. ಮೂಳೆಯ ಬಿಳಿ ಹಿಡಿ ಹಾಕಿದ ಅದನ್ನು ಅವನು ಕೈಯಲ್ಲಿ ಹಿಡಿದು, ಕುರ್ಚಿಯಲ್ಲಿ ಕೂತು ಸೇಬು ಸುಲಿಯುತ್ತಿದ್ದ. ಸುತ್ತ ನಿಂತ ಸಂಗ್ರಾಹಕರ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಡಿಯಿಂದ ಹಳೇ ಮಾತಿನ ಹೊಸ ಚೀಟಿ ತೂಗಾಡುತ್ತಿತ್ತು: 'ಹೋಬರ್ಟ್, ಇದು ನಿನ್ನದಲ್ಲ. ಕೈ ಹಚ್ಚಬೇಡ.' ಅವನ ಹೆಬ್ಬೆರಳಿಗೂ ತೋರುಬೆರಳಿಗೂ ಬ್ಯಾಂಡೇಜು ಇತ್ತು.

ಪೆಟ್ಟಿಗೆ ಮೇಜಿನ ಕೆಳಗೆ ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು. "ವರ್ಲೀ, ಸ್ವಲ್ಪ ಮೂಸಿ ನೋಡೆ," ಎಂದ.

ನಾನು ಮಂಡಿಯೂರಿ ಮೂಗು ಒಳಗಿಟ್ಟೆ. ಮರದ ವಾಸನೆ, ಬಟ್ಟೆಯ ವಾಸನೆ. "ಏನೂ ಇಲ್ಲ ಭಾವ," ಎಂದೆ.

"ಒಳ್ಳೇದಾಯ್ತು," ಎಂದ ಹೋಬರ್ಟ್, ಮತ್ತು ಅಲಗಿನ ತುದಿಯಲ್ಲಿ ಒಂದು ಹೋಳು ಸೇಬನ್ನು ನನ್ನ ಕಡೆ ಚಾಚಿದ.